ತೋಟ ಅಡ ಇಟ್ಟು ಮಶೀನ್ ತರಬೇಡಿ, ಮೊದಲು ಫಿಕ್ಸ್‌ಚರ್ ಮಾಡಿ

ಪ್ರಶ್ನೆ: ಮೇಡಂ, ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಲೋಹ ಕೊರೆಯುವ ಎರಡು ಕಂಪ್ಯೂಟರ್ ಮಶೀನ್ (ವಿಎಂಸಿ), ಒಂದು ಸಿಎನ್‌ಸಿ ಲೇತ್, ಏಳು ಜನ ಕೆಲಸಗಾರರು. ವಾಹನ ಕಂಪನಿಗಳಿಗೆ ಮಾಲು ಕೊಡುವವರಿಂದ ಜಾಬ್ ವರ್ಕ್ ಹಿಡಿದು ಮಾಡುತ್ತಿದ್ದೇವೆ. ಅಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ತಮ್ಮ ಇಂಜಿನಿಯರಿಂಗ್ ಮುಗಿಸಿದ್ದಾನೆ. 'ಅಣ್ಣ, ಉಪಗ್ರಹ ಮಾಡೋ ಸ್ಟಾರ್ಟಪ್ ಶುರು ಮಾಡೋಣ' ಅಂತ ಪಟ್ಟು ಹಿಡಿದು ಕೂತಿದ್ದಾನೆ. ಮಶೀನ್ ಮಾರುವವರೊಬ್ಬರು 'ಐದು ಚಲನೆಯಲ್ಲಿ ಕತ್ತರಿಸೋ ಫೈವ್ ಆಕ್ಸಿಸ್ ಮಶೀನ್ ತಗೊಳ್ಳಿ, ಸ್ಪೇಸ್ ಆರ್ಡರ್ ತಾನಾಗೇ ಬರುತ್ತೆ' ಅನ್ನುತ್ತಾರೆ. ಅದಕ್ಕೆ ತಿಪಟೂರಿನ ಹತ್ತಿರ ಇರುವ ಎರಡೂವರೆ ಎಕರೆ ತೆಂಗಿನ ತೋಟ ಅಡ ಇಡಬೇಕು. ಬಾಹ್ಯಾಕಾಶದ ಬಿಸಿನೆಸ್ ನಮ್ಮಂಥವರಿಗೆ ಆಗಿಬರುತ್ತಾ?
ಒಬ್ಬ ಓದುಗ, ತುಮಕೂರು

ಉತ್ತರ:

ಮೊದಲು ತೋಟದ ವಿಷಯ ಮುಗಿಸಿಬಿಡೋಣ. ಅಡ ಇಡಬೇಡಿ. ಆರ್ಡರ್ ತಾನಾಗೇ ಬರುತ್ತೆ ಅಂದವರು ಮಶೀನ್ ಇಳಿಸಿ ಹೋದ ಮೇಲೆ ನಿಮ್ಮ ಕಡೆ ತಲೆ ಹಾಕುವುದಿಲ್ಲ. ಕಂತು ಕಟ್ಟುವವರು ನೀವು. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ 'ಆಗಿಬರುತ್ತೆ' ಅಂತಲೇ. ನೀವು ನುಗ್ಗಬೇಕು ಅಂದುಕೊಂಡಿರುವ ಬಾಗಿಲು ಮಾತ್ರ ಸರಿಯಿಲ್ಲ. ಪಕ್ಕದಲ್ಲಿ ಇನ್ನೊಂದಿದೆ, ಅದರ ಮುಂದೆ ಅಷ್ಟು ನೂಕುನುಗ್ಗಲೂ ಇಲ್ಲ.

ನಾನು ಇಪ್ಪತ್ತಾರು ವರ್ಷ ವಿಮಾನ ಮತ್ತು ಉಪಗ್ರಹದ ಬಿಡಿಭಾಗಗಳ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕಳೆದವಳು. ಈಗ ನಿಮ್ಮಂಥ ಸಣ್ಣ ಘಟಕಗಳಿಗೆ ಕ್ವಾಲಿಟಿ ಕಾಗದಪತ್ರ ಸರಿಮಾಡಿಕೊಡುತ್ತೇನೆ. ಹಾಗಾಗಿ ನನ್ನ ಮಾತು ಕಾಗದದ ಕಡೆಗೇ ಸ್ವಲ್ಪ ವಾಲುತ್ತದೆ. ಸಹಿಸಿಕೊಳ್ಳಿ.

ನಿಮ್ಮ ಅಪ್ಪ ಎಚ್‌ಎಂಟಿಯವರು ಅಂದ ಕೂಡಲೇ ನನಗೆ ಖುಷಿಯಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಈಗ ಊರಲ್ಲೇ ಇಸ್ರೋದ ಟೈಟಾನಿಯಂ ಟ್ಯಾಂಕ್ ತಯಾರಿಸುವ ಘಟಕ ಇದೆ, ಅದರಲ್ಲಿ ಎಚ್‌ಎಎಲ್ ಕೂಡ ಕೈಜೋಡಿಸಿದೆ. ರಾಕೆಟ್ಟಿಗೆ, ಉಪಗ್ರಹಕ್ಕೆ ಇಂಧನ ತುಂಬುವ ಟ್ಯಾಂಕ್ ಅದು. ಟೈಟಾನಿಯಂ ಹಗುರ, ಗಟ್ಟಿ, ಒಳಗಿನ ಇಂಧನಕ್ಕೆ ಸುಲಭವಾಗಿ ಕೆಡುವುದಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಶುರುವಾಯಿತು. ಆಚೆ ಕೋಲಾರದ ವೇಮಗಲ್‌ನಲ್ಲಿ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಒಂದು ಉಪಗ್ರಹವನ್ನೇ ಜೋಡಿಸಿ ಕಳಿಸಿತು. ಟಿಸ್ಯಾಟ್-1ಎ ಅಂತ ಅದರ ಹೆಸರು. 2024ರ ಏಪ್ರಿಲ್‌ನಲ್ಲಿ ಫ್ಲೋರಿಡಾದಿಂದ ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್‌ನಲ್ಲಿ ಮೇಲಕ್ಕೆ ಹೋಯಿತು. ಟೊಮೆಟೊ ಲಾರಿ ಓಡಾಡುವ ವೇಮಗಲ್ ರಸ್ತೆಯಲ್ಲಿ ಉಪಗ್ರಹದ ಪೆಟ್ಟಿಗೆಯೂ ಹೋಗಿದೆ ಅಂದರೆ ನಗು ಬರುತ್ತೆ, ಅಲ್ವಾ? ಆದರೆ ನಿಜ.

ಹೊಸದೂ ಅಲ್ಲ ಇದು. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾಗಿದ್ದು ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ. ಯು.ಆರ್. ರಾವ್ ಅವರ ತಂಡ ಅಲ್ಲಿ ಕೂತು 360 ಕಿಲೋದ ಆ ಉಪಗ್ರಹ ಕಟ್ಟಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಹೊತ್ತೊಯ್ದಿತು. ಅಂದರೆ ಶೆಡ್‌ಗೂ ಬಾಹ್ಯಾಕಾಶಕ್ಕೂ ನಂಟು ಐವತ್ತು ವರ್ಷದ್ದು.

ಹಾಗಾದರೆ ಈಗ ಬದಲಾಗಿದ್ದೇನು? ಮೊದಲು ಗಿರಾಕಿ ಒಬ್ಬರೇ, ಇಸ್ರೋ. ನೇರವಾಗಿ ಕೊಟ್ಟರೂ, ದೊಡ್ಡ ಕಂಪನಿಯ ಮೂಲಕ ಕೊಟ್ಟರೂ ಕೊನೆಗೆ ಮಾಲು ಸೇರುವುದು ಅಲ್ಲಿಗೇ. 2020ರಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದರು. ಅನುಮತಿ ಕೊಡುವುದಕ್ಕೆ, ಕೈಹಿಡಿದು ನಡೆಸುವುದಕ್ಕೆ ಇನ್‌ಸ್ಪೇಸ್ ಎಂಬ ಸಂಸ್ಥೆ ಬಂತು. 2023ರಲ್ಲಿ ಬಾಹ್ಯಾಕಾಶ ನೀತಿ ಬಂತು. 2024ರಲ್ಲಿ ವಿದೇಶಿ ಹೂಡಿಕೆಯ ನಿಯಮ ಸಡಿಲವಾಯಿತು. ಅದರಲ್ಲಿ ನಿಮಗೆ ಸಂಬಂಧಿಸಿದ ಸಾಲು ಒಂದೇ: ಬಿಡಿಭಾಗ ಮಾಡುವವರಿಗೆ ನೂರಕ್ಕೆ ನೂರು ವಿದೇಶಿ ಬಂಡವಾಳವೂ ಸರ್ಕಾರದ ಮುಂಗಡ ಒಪ್ಪಿಗೆ ಇಲ್ಲದೆ ಬರಬಹುದು. ರಾಕೆಟ್ ಮಾಡುವವರಿಗೆ ಆ ಮಿತಿ 49. ಅಂದರೆ ನಾಳೆ ನಿಮ್ಮ ಪಕ್ಕದ ಶೆಡ್‌ನಲ್ಲೇ ಹೊರದೇಶದ ದುಡ್ಡು ಇರುವ ಪೈಪೋಟಿಗಾರ ಕೂರಬಹುದು. ಇದನ್ನು ಮಶೀನ್ ಮಾರುವವರು ಹೇಳುವುದಿಲ್ಲ.

ಈಗಿನ ಗಿರಾಕಿಗಳು ಮೂರು ಥರ. ಇಸ್ರೋ ಕೇಂದ್ರಗಳು ಇದ್ದೇ ಇವೆ. ಎರಡನೆಯವರು ಎಚ್‌ಎಎಲ್, ಎಲ್ ಅಂಡ್ ಟಿ, ಗೋದ್ರೆಜ್, ಟಾಟಾದಂಥ ದೊಡ್ಡವರು. ಐದು ಪಿಎಸ್‌ಎಲ್‌ವಿ ರಾಕೆಟ್ ಮಾಡಿಕೊಡುವ ಗುತ್ತಿಗೆ 2022ರಲ್ಲಿ ಎಚ್‌ಎಎಲ್ ಮತ್ತು ಎಲ್ ಅಂಡ್ ಟಿ ಜೋಡಿಗೆ ಸಿಕ್ಕಿತು. ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯ ತಂತ್ರಜ್ಞಾನ 511 ಕೋಟಿ ರೂಪಾಯಿಯ ಬಿಡ್‌ನಲ್ಲಿ 2025ರಲ್ಲಿ ಎಚ್‌ಎಎಲ್ ಪಾಲಾಯಿತು. ಇಂಥವರು ಎಲ್ಲವನ್ನೂ ತಾವೇ ಮಾಡುವುದಿಲ್ಲ, ಕೆಳಗೆ ಸಣ್ಣವರು ಬೇಕೇ ಬೇಕು. ಮೂರನೆಯವರು ಸ್ಟಾರ್ಟಪ್‌ಗಳು. ಬೆಂಗಳೂರಿನಲ್ಲೇ ಪಿಕ್ಸೆಲ್, ಬೆಲಾಟ್ರಿಕ್ಸ್, ದಿಗಂತರ, ಗ್ಯಾಲಕ್ಸ್‌ಐ ಇವೆ. ಹೈದರಾಬಾದಿನಲ್ಲಿ ಸ್ಕೈರೂಟ್, ಚೆನ್ನೈನಲ್ಲಿ ಅಗ್ನಿಕುಲ್. ಪಿಕ್ಸೆಲ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಅವೈಸ್ ಅಹ್ಮದ್ ಚಿಕ್ಕಮಗಳೂರಿನ ಆಲ್ದೂರಿನವರು. 2019ರಲ್ಲಿ ಶುರುವಾದ ಕಂಪನಿ 2025ರ ಜನವರಿಯಲ್ಲಿ ಒಟ್ಟಿಗೇ ಮೂರು ಉಪಗ್ರಹ ಹಾರಿಸಿತು. ನಿಮ್ಮ ತಮ್ಮನ ಬಾಯಲ್ಲಿ ಈ ಹೆಸರು ಬಂದಿರಲೇಬೇಕು. ಅವನ ವಿಷಯಕ್ಕೂ ಬರುತ್ತೇನೆ.

ಈಗ ನಿಮ್ಮ ವರ್ಕ್‌ಶಾಪ್‌ಗೆ ಬರೋಣ. ವಾಹನದ ಜಾಬ್ ವರ್ಕ್‌ನಲ್ಲಿ ನೀವು ಒಂದು ಭಾಗ ಸೆಟ್ ಮಾಡಿದರೆ ತಿಂಗಳುಗಟ್ಟಲೆ ಅದೇ ಓಡುತ್ತದೆ. ಒಂದಕ್ಕೆ 38 ರೂಪಾಯಿ ಅಂತ ಇಟ್ಟುಕೊಳ್ಳಿ, ತಿಂಗಳಿಗೆ 5,000 ಪೀಸ್. 1 ಲಕ್ಷ 90 ಸಾವಿರ ಬಿಲ್. ಉಪಗ್ರಹದವರು ಕೇಳುವುದು ಆರು ಬ್ರಾಕೆಟ್, ಅಂದರೆ ಭಾಗಗಳನ್ನು ಹಿಡಿದು ಕೂರಿಸುವ ಲೋಹದ ತುಂಡು. ಲೆಕ್ಕಕ್ಕೆ ಒಂದಕ್ಕೆ 7,000 ಅಂದುಕೊಂಡರೂ 42 ಸಾವಿರ. ಕೇಳಿದ ಕೂಡಲೇ '38 ಎಲ್ಲಿ, 7,000 ಎಲ್ಲಿ' ಅನ್ನಿಸುತ್ತದೆ. ಆದರೆ ಆ ಆರು ಪೀಸ್‌ಗೆ ಪ್ರೋಗ್ರಾಮ್ ಬರೆಯಲು, ಪೀಸ್ ಹಿಡಿಯುವ ದವಡೆ (ಜಾ) ಮಾಡಲು, ಟ್ರಯಲ್ ಹೊಡೆಯಲು ಮೂರು ದಿನ. ಅಳತೆ ತೆಗೆಯಲು ಎರಡು ದಿನ. ರಿಪೋರ್ಟ್ ಬರೆಯಲು ಒಂದು ದಿನ. ಅಷ್ಟೂ ದಿನ ಒಂದು ವಿಎಂಸಿಯ ನಿತ್ಯದ ದುಡಿಮೆ ನಿಂತಿರುತ್ತದೆ. ಒಂದು ಪೀಸ್ ಹಾಳಾದರೆ ಲಾಭವೂ ಹೋಯಿತು, ಕೆಲವೊಮ್ಮೆ ಅವರು ಕೊಟ್ಟ ಮೆಟೀರಿಯಲ್‌ನ ದುಡ್ಡೂ ಹೋಯಿತು. ಮುಂದಿನ ಆರು ಪೀಸ್ ಯಾವಾಗ ಬರುತ್ತದೋ ಗೊತ್ತಿಲ್ಲ, ಬಂದಾಗ ಡ್ರಾಯಿಂಗ್ ಬದಲಾಗಿರುತ್ತದೆ. ಈ ಲೆಕ್ಕದ ಮೇಲೆ ಫೈವ್ ಆಕ್ಸಿಸ್‌ನ ಕಂತು ಕಟ್ಟಲು ಆಗುವುದಿಲ್ಲ.

ಹಾಗಿದ್ದರೂ ನಾನು ಆಗಿಬರುತ್ತೆ ಅಂದೆ. ಉಪಗ್ರಹದ ಸುತ್ತ ಇರುವ ಸಾಮಾನನ್ನು ಎರಡು ಗುಂಪು ಮಾಡಿ ನೋಡಿ. ಒಂದು ಮೇಲೆ ಹೋಗುವ ಸಾಮಾನು. ಇನ್ನೊಂದು ಕೆಳಗೇ ಉಳಿಯುವ ಸಾಮಾನು. ಎಲ್ಲರ ಕಣ್ಣು ಮೊದಲನೆಯದರ ಮೇಲೆ. ಪೇಪರ್‌ನಲ್ಲಿ ಫೋಟೋ ಬರುವುದೂ ಅದರದ್ದೇ. ಎರಡನೆಯದನ್ನು ಕೇಳುವವರೇ ಕಡಿಮೆ. ಆದರೆ ಒಂದು ಪುಟ್ಟ ಉಪಗ್ರಹ ಕಟ್ಟಲು ಎಷ್ಟೊಂದು ಕಬ್ಬಿಣ, ಅಲ್ಯೂಮಿನಿಯಂ ನೆಲದ ಮೇಲೆ ಬೇಕು ಗೊತ್ತಾ? ಅದನ್ನು ಕೂರಿಸುವ ಸ್ಟ್ಯಾಂಡ್. ತಿರುಗಿಸಿ ಕೆಲಸ ಮಾಡುವ ಟ್ರಾಲಿ. ಎತ್ತುವ ಬೀಮ್, ಕೊಕ್ಕೆ. ಸೋಲಾರ್ ಪ್ಯಾನೆಲ್ ಬಿಚ್ಚಿ ನೋಡುವ ಚೌಕಟ್ಟು. ಲಾರಿಯಲ್ಲಿ ಸಾಗಿಸಲು ಅಲುಗಾಟ ತಡೆಯುವ ಪೆಟ್ಟಿಗೆ. ತೂತು ಸರಿಯಾದ ಜಾಗಕ್ಕೇ ಬೀಳುವಂತೆ ಮಾಡುವ ಡ್ರಿಲ್ ಜಿಗ್. ಎಲ್ಲಕ್ಕಿಂತ ಮುಖ್ಯವಾಗಿ ವೈಬ್ರೇಶನ್ ಫಿಕ್ಸ್‌ಚರ್.

ಈ ವೈಬ್ರೇಶನ್ ಫಿಕ್ಸ್‌ಚರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮಗೆ ಮೊದಲ ಆರ್ಡರ್ ಸಿಗುವುದಾದರೆ ಬಹುಶಃ ಇದರಿಂದಲೇ. ರಾಕೆಟ್ ಏಳುವಾಗ ಉಪಗ್ರಹ ಸಿಕ್ಕಾಪಟ್ಟೆ ಅದುರುತ್ತದೆ. ಅದಕ್ಕೇ ಮೊದಲೇ ಕೆಳಗೆ ಶೇಕರ್ ಮೇಲೆ ಇಟ್ಟು ಅದುರಿಸಿ ನೋಡುತ್ತಾರೆ. 20ರಿಂದ 2,000 ಹರ್ಟ್ಸ್‌ವರೆಗೆ, ಅಂದರೆ ಸೆಕೆಂಡಿಗೆ ಅಷ್ಟು ಸಲ. ಉಪಗ್ರಹವನ್ನೋ, ಅದರ ಉಪಕರಣಗಳಿರುವ ಒಂದು ಡಬ್ಬಿಯನ್ನೋ ಶೇಕರ್‌ಗೆ ಕೂರಿಸಲು ಮಧ್ಯೆ ಒಂದು ದಪ್ಪ ಪ್ಲೇಟ್ ಬೇಕು. ಅದೇ ಫಿಕ್ಸ್‌ಚರ್. ಅದು ಬಿಗಿಯಾಗಿರಬೇಕು, ತಾನೇ ಕುಣಿಯಬಾರದು. ಫಿಕ್ಸ್‌ಚರ್ ಕುಣಿದರೆ ಒಳಗಿನ ಡಬ್ಬಿಗೆ ಬೀಳಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಬಿದ್ದು ಒಳ್ಳೆಯ ಮಾಲೂ ಒಡೆಯುತ್ತದೆ. ಅದಕ್ಕೆ ಬೇಕಾಗುವುದು ಸಮತಟ್ಟಾದ ಮುಖ, ಅಳತೆಗೆ ಸರಿಯಾದ ತೂತು, ಬಿಗಿಯಾಗಿ ಹಿಡಿಯುವ ಥ್ರೆಡ್. ಹೆಚ್ಚಿನವನ್ನು ಅಲ್ಯೂಮಿನಿಯಂನಲ್ಲೇ ಮಾಡುತ್ತಾರೆ. ನಿಮ್ಮ ಮೂರು ಆಕ್ಸಿಸ್ ವಿಎಂಸಿ ಇದಕ್ಕೆ ಸಾಕು. ಹೊಸ ಡಬ್ಬಿ ಬಂದಾಗಲೆಲ್ಲ ಹೊಸ ಫಿಕ್ಸ್‌ಚರ್ ಬೇಕು. ಅವಸರ ಯಾವಾಗಲೂ ಇರುತ್ತದೆ, ಯಾಕೆಂದರೆ ಟೆಸ್ಟ್ ಲ್ಯಾಬ್‌ನ ದಿನ ಗೊತ್ತಾಗಿಬಿಟ್ಟಿರುತ್ತದೆ. 'ಶುಕ್ರವಾರ ಸಂಜೆ ಡ್ರಾಯಿಂಗ್, ಮಂಗಳವಾರ ಬೆಳಿಗ್ಗೆ ಮಾಲು' ಅನ್ನುವ ಗಿರಾಕಿಗೆ ಹತ್ತು ರೂಪಾಯಿ ಜಾಸ್ತಿಯಾದರೂ ಪರವಾಗಿಲ್ಲ, ಮಾತು ಉಳಿಸಿಕೊಳ್ಳುವವರು ಬೇಕು. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್. ಬೆಳಿಗ್ಗೆ ಬಿಟ್ಟರೆ ಟ್ರಾಫಿಕ್ ಏರುವ ಮೊದಲೇ ಮಾಲು ಕೊಟ್ಟು ವಾಪಸ್ ಬರಬಹುದು. ಇದು ನಿಮ್ಮ ಬಂಡವಾಳ.

ಕೆಳಗೇ ಉಳಿಯುವ ಸಾಮಾನಿಗೆ ಇನ್ನೊಂದು ಲಾಭವಿದೆ. ಉಡಾವಣೆ ಮುಂದಕ್ಕೆ ಹೋದರೂ ಫಿಕ್ಸ್‌ಚರ್ ಬೇಕಾಗುವುದು ಇವತ್ತೇ. ಮೇಲೆ ಹೋಗುವ ಭಾಗಕ್ಕೆ ಕೇಳುವಷ್ಟು ಕಟ್ಟುನಿಟ್ಟಿನ ಪ್ರಮಾಣಪತ್ರ ಇದಕ್ಕೆ ಸಾಮಾನ್ಯವಾಗಿ ಕೇಳುವುದಿಲ್ಲ. ಎತ್ತುವ ಕೊಕ್ಕೆ, ಬೀಮ್‌ಗೆ ಮಾತ್ರ ಲೋಡ್ ಟೆಸ್ಟ್ ಸರ್ಟಿಫಿಕೇಟ್ ಇಲ್ಲದೆ ಆಗುವುದಿಲ್ಲ, ಅಲ್ಲಿ ರಾಜಿ ಬೇಡ. ಈ ಕೆಲಸ ಮಾಡುತ್ತಾ ಮಾಡುತ್ತಾ ಅವರ ಡ್ರಾಯಿಂಗ್ ಭಾಷೆ ನಿಮಗೆ ಕರಗತವಾಗುತ್ತದೆ. ಅಲ್ಲಿನ ಇಂಜಿನಿಯರ್‌ಗಳಿಗೆ ನಿಮ್ಮ ಫೋನ್ ನಂಬರ್ ಬಾಯಿಪಾಠ ಆಗುತ್ತದೆ. ಒಂದು ದಿನ ಅವರೇ 'ಈ ಸಲ ಮೇಲೆ ಹೋಗೋ ಫ್ಲೈಟ್ ಬ್ರಾಕೆಟ್ ಒಂದು ಮಾಡಿಕೊಡ್ತೀರಾ' ಅಂತ ಕೇಳುತ್ತಾರೆ. ನಾನು ಕಂಡ ಸಣ್ಣ ಘಟಕಗಳಲ್ಲಿ ಉಳಿದುಕೊಂಡವರು ಹೆಚ್ಚಾಗಿ ಹೀಗೆ ಬಂದವರು.

ಆ ದಿನಕ್ಕೆ ನೀವು ತಯಾರಿರಬೇಕಲ್ಲ. ಅಲ್ಲಿ ಕಾಗದ ಶುರುವಾಗುತ್ತದೆ.

ನನ್ನ ಮೊದಲ ನೌಕರಿಯ ಒಂದು ಕಥೆ ಹೇಳುತ್ತೇನೆ. ಕಂಪನಿಯ ಹೆಸರು ಬೇಡ. ಹದಿನಾಲ್ಕು ಬ್ರಾಕೆಟ್ ಮಾಡಿದ್ದೆವು. ಅಳತೆ ಎಲ್ಲ ಸರಿ. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಗಿರಾಕಿಯ ಕಡೆಯವರು ಬಂದು 'ಹೀಟ್ ನಂಬರ್ ತೋರಿಸಿ' ಅಂದರು. ಅಂದರೆ ಆ ಲೋಹ ಯಾವ ಕುಲುಮೆಯ ಯಾವ ಎರಕದ್ದು ಅನ್ನುವ ಸಂಖ್ಯೆ. ಅದು ಬಾರ್‌ನ ಒಂದು ತುದಿಯಲ್ಲಿ ಮಾತ್ರ ಒತ್ತಿತ್ತು. ನಮ್ಮ ಹುಡುಗ ಗರಗಸಕ್ಕೆ ಹಾಕುವಾಗ ಮೊದಲು ಕತ್ತರಿಸಿದ್ದೇ ಆ ತುದಿ. ಉಳಿದ ತುಂಡುಗಳ ಮೇಲೆ ಯಾರೂ ಏನೂ ಬರೆದಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಬಾರ್‌ನ ತುಂಡುಗಳೂ ಬಿದ್ದಿದ್ದವು. ಯಾವುದು ಯಾವುದರದ್ದು ಅಂತ ಆಣೆ ಮಾಡಿ ಹೇಳಲು ಯಾರಿಗೂ ಆಗಲಿಲ್ಲ. ಹದಿನಾಲ್ಕೂ ತಿರಸ್ಕಾರ. ಅಂದಿನಿಂದ ನಾನು ಹೋದ ಪ್ರತಿ ಶೆಡ್‌ನಲ್ಲೂ ಗರಗಸದ ಪಕ್ಕ ಒಂದೇ ಮಾತು ಬರೆಸುತ್ತೇನೆ: ನಂಬರ್ ಇಲ್ಲದ ತುದಿಯಿಂದ ಕತ್ತರಿಸಿ, ಕತ್ತರಿಸುವ ಮೊದಲೇ ಪ್ರತಿ ತುಂಡಿನ ಮೇಲೆ ನಂಬರ್ ಹಾಕಿ. ಇದಕ್ಕೆ ಖರ್ಚು ಒಂದು ಪಂಚ್ ಸೆಟ್, ಒಂದು ಮಾರ್ಕರ್ ಪೆನ್.

ಅವರು ಯಾಕೆ ಇಷ್ಟು ಕಾಡುತ್ತಾರೆ ಅಂತ ನಿಮಗೆ ಅನ್ನಿಸಬಹುದು. ಬಸ್ಸಿನ ಪಂಪ್ ಕೆಟ್ಟರೆ ಬಿಚ್ಚಿ ನೋಡಬಹುದು. ಮೇಲೆ ಹೋದದ್ದನ್ನು ಬಿಚ್ಚಿ ನೋಡುವ ಹಾಗಿಲ್ಲ. ಏನಾದರೂ ತಪ್ಪಾದರೆ ಉಳಿಯುವುದು ಕಾಗದ ಮಾತ್ರ. ಆ ಎರಕದ ಲೋಹ ಇನ್ನೆಲ್ಲೆಲ್ಲಿ ಹೋಗಿದೆ, ಇನ್ನೂ ಹಾರದ ಯಾವ ಉಪಗ್ರಹದಲ್ಲಿ ಕೂತಿದೆ ಅಂತ ಹುಡುಕಲು ಆ ಸಂಖ್ಯೆ ಬೇಕು. ಹಾಗಾಗಿ ಒಂದು ಬ್ರಾಕೆಟ್ ಜೊತೆ ಮೆಟೀರಿಯಲ್ ಸರ್ಟಿಫಿಕೇಟ್, ಮೊದಲ ಪೀಸ್‌ನ ಪೂರ್ತಿ ಅಳತೆ ಪಟ್ಟಿ, ಸಿಎಂಎಂ ಎಂಬ ಅಳತೆ ಮಶೀನ್‌ನ ರಿಪೋರ್ಟ್, ಲೇಪನ ಮಾಡಿಸಿದ ಕಡೆಯ ಸರ್ಟಿಫಿಕೇಟ್ ಇವೆಲ್ಲ ಹೋಗಬೇಕು. ಒಂದು ಅಳತೆ 0.02 ಮಿಲಿಮೀಟರ್ ತಪ್ಪಿದರೆ ಮುಚ್ಚಿಡುವ ಹಾಗಿಲ್ಲ. ಬರೆದು ಕೇಳಿ, ಅವರು ಒಪ್ಪಿದರೆ ಮಾತ್ರ ಕಳಿಸಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದವರಿಗೆ ಎರಡನೇ ಆರ್ಡರ್ ಸಿಕ್ಕಿದ್ದನ್ನು ನಾನು ನೋಡಿಲ್ಲ.

ಕಾಗದ ಬಿಟ್ಟು ಲೋಹದ ಕಡೆ ಬಂದರೂ ವಾಹನದ ರೂಢಿಯೇ ಇಲ್ಲಿ ಕಾಲಿಗೆ ತೊಡರುತ್ತದೆ. ನಿಮ್ಮಲ್ಲಿ ಬೋಲ್ಟ್‌ಗೆ ಜಿಂಕ್ ಪ್ಲೇಟಿಂಗ್ ಮಾಮೂಲಿ. ಇಲ್ಲಿ ಜಿಂಕ್, ಕ್ಯಾಡ್ಮಿಯಂ ಲೇಪನ ಬೇಡ ಅನ್ನುತ್ತಾರೆ. ಗಾಳಿಯೇ ಇಲ್ಲದ ಕಡೆ ಬಿಸಿಯಾದರೆ ಅವು ಆವಿಯಾಗಿ ಹೋಗಿ ಲೆನ್ಸ್ ಮೇಲೋ, ಸರ್ಕ್ಯೂಟ್ ಮೇಲೋ ಕೂರುತ್ತವೆ. ಆಚೆ ಬದಿಗೆ ದಾಟದ ಕುರುಡು ತೂತಿಗೆ ಸ್ಕ್ರೂ ಬಿಗಿದರೆ ತಳದಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ಅದು ಹೊರಗೆ ಹೋಗಲು ಸಣ್ಣ ದಾರಿ ಬಿಡಬೇಕು. ಗೋಂದು, ಬಣ್ಣ, ಪ್ಲಾಸ್ಟಿಕ್ ಬಳಸಿದರೆ ಅದನ್ನು ನಿರ್ವಾತದಲ್ಲಿ 125 ಡಿಗ್ರಿಗೆ 24 ಗಂಟೆ ಕಾಯಿಸಿ, ತೂಕ ನೂರಕ್ಕೆ ಒಂದಕ್ಕಿಂತ ಜಾಸ್ತಿ ಇಳಿಯಬಾರದು ಅನ್ನುವ ಪರೀಕ್ಷೆ ಇದೆ. ಭೂಮಿಯ ಹತ್ತಿರದ ಕಕ್ಷೆಯಲ್ಲಿ ಉಪಗ್ರಹ ಒಂದೂವರೆ ಗಂಟೆಗೊಮ್ಮೆ ಸುತ್ತು ಹಾಕುತ್ತದೆ. ಸಾಮಾನ್ಯವಾಗಿ ಪ್ರತಿ ಸುತ್ತಿನಲ್ಲೂ ಒಮ್ಮೆ ಬಿಸಿಲು, ಒಮ್ಮೆ ಕತ್ತಲು. ದಿನಕ್ಕೆ ಹದಿನೈದು, ಹದಿನಾರು ಸಲ ಹಿಗ್ಗುತ್ತದೆ, ಕುಗ್ಗುತ್ತದೆ.

ಇನ್ನು ಬರ್. ಕತ್ತರಿಸಿದ ಅಂಚಿನಲ್ಲಿ ಉಳಿಯುವ ಕೂದಲೆಳೆಯಂಥ ಚೂರು. ಕೆಳಗೆ ಅದು ಉದುರಿ ನೆಲಕ್ಕೆ ಬೀಳುತ್ತದೆ. ಮೇಲೆ ಬೀಳುವುದಿಲ್ಲ, ತೇಲುತ್ತದೆ. ತೇಲಿ ಎರಡು ಪಿನ್‌ಗಳ ಮಧ್ಯೆ ಕೂತರೆ ಶಾರ್ಟ್ ಸರ್ಕ್ಯೂಟ್. ಇಲ್ಲಿಗೆ ನಿಮ್ಮ ಅಪ್ಪ ಬೇಕು. ವಾಚ್ ಕಾರ್ಖಾನೆಯಲ್ಲಿ ಪಳಗಿದ ಕಣ್ಣಿಗೆ ಆ ಚೂರು ಕಾಣುತ್ತದೆ, ಬೆರಳಿಗೆ ತಾಗುತ್ತದೆ. ಒಂದು ಮೈಕ್ರೋಸ್ಕೋಪ್, ಒಳ್ಳೆ ದೀಪ, ಒಂದು ಮೇಜು ಹಾಕಿಕೊಟ್ಟು 'ಅಪ್ಪ, ನೀವು ಹೇಳದೆ ಒಂದು ಪೀಸೂ ಗೇಟ್ ದಾಟಲ್ಲ' ಅನ್ನಿ. ನಿಮ್ಮ ಹುಡುಗರಿಗೆ ಅವರು ಎರಡು ತಿಂಗಳಲ್ಲಿ ಕಲಿಸುವುದನ್ನು ಯಾವ ಕೋರ್ಸೂ ಕಲಿಸುವುದಿಲ್ಲ. ನಾನು ಖುಷಿಪಟ್ಟಿದ್ದು ಇದಕ್ಕೇ.

ದುಡ್ಡು ಹಾಕಲೇಬೇಕು ಅಂದರೆ ಯಾವುದಕ್ಕೆ? ಮೊದಲು ಅಳತೆಗೆ. ಎಸಿ ಹಾಕಿದ ಪುಟ್ಟ ಕೋಣೆ, ಗ್ರಾನೈಟ್ ಮೇಜು, ಹೈಟ್ ಗೇಜ್, ಕ್ಯಾಲಿಬ್ರೇಶನ್ ಆದ ಮೈಕ್ರೋಮೀಟರ್‌ಗಳು. ಸಿಎಂಎಂ ಈಗಲೇ ಕೊಳ್ಳಬೇಡಿ, ಹೊರಗೆ ಗಂಟೆ ಲೆಕ್ಕದಲ್ಲಿ ಮಾಡಿಸಿ. ಕಷ್ಟದ ಅಳತೆಗೆ ಬೆಂಗಳೂರಿನ ತುಮಕೂರು ರಸ್ತೆಯಲ್ಲೇ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಂಟಿಐ ಇದೆ. ನಂತರ ಒಂದು ವಿಎಂಸಿಗೆ ಪೀಸನ್ನು ತಿರುಗಿಸುವ ರೋಟರಿ ಟೇಬಲ್ ಕೂರಿಸಿ ನಾಲ್ಕನೇ ಆಕ್ಸಿಸ್ ಮಾಡಿಕೊಳ್ಳಿ. ಫೈವ್ ಆಕ್ಸಿಸ್‌ಗೆ ಸೇರುವ ಎಷ್ಟೋ ಕೆಲಸ ಇದರಲ್ಲೇ ಎರಡು ಮೂರು ಸೆಟಪ್‌ನಲ್ಲಿ ಮುಗಿಯುತ್ತದೆ. ವಿಮಾನ, ಬಾಹ್ಯಾಕಾಶ ಉದ್ಯಮದ ಗುಣಮಟ್ಟಕ್ಕೆ ಕೊಡುವ ಎಎಸ್ 9100 ಪ್ರಮಾಣಪತ್ರ ಗಿರಾಕಿ ಕೇಳಿದಾಗ ಮಾಡಿಸಿ. ಗೋಡೆಗೆ ನೇತುಹಾಕಲು ಅಂತ ಮುಂಚೆಯೇ ಮಾಡಿಸಿದವರು ಪ್ರತಿ ವರ್ಷ ಆಡಿಟ್ ಫೀಸು ಕಟ್ಟಿ ಸುಸ್ತಾಗಿದ್ದಾರೆ. ಫೈವ್ ಆಕ್ಸಿಸ್ ಯಾವಾಗ? ಒಂದೇ ಗಿರಾಕಿಯಿಂದಲ್ಲ, ಇಬ್ಬರು ಮೂವರಿಂದ ಎರಡು ವರ್ಷ ಬಿಡದೆ ಕೆಲಸ ಬಂದು, ಹೊರಗೆ ಮಾಡಿಸಿದ ಬಿಲ್ಲೇ ಕಂತಿನಷ್ಟಾದಾಗ. ಆಗಲೂ ತೋಟ ಬೇಡ. ಸಣ್ಣ ಉದ್ಯಮಗಳಿಗೆ ಅಡ ಇಲ್ಲದೆ ಕೊಡುವ ಸಾಲಕ್ಕೆ ಸಿಜಿಟಿಎಂಎಸ್‌ಇ ಎಂಬ ಸರ್ಕಾರಿ ಟ್ರಸ್ಟಿನ ಗ್ಯಾರಂಟಿ ಇದೆ, ಈಗ ಅದರ ಮಿತಿ 10 ಕೋಟಿ. ಬ್ಯಾಂಕಿನವರು ಆದರೂ ಒಂದು ಸಲ ತೋಟದ ಪತ್ರ ಕೇಳಿ ನೋಡುತ್ತಾರೆ. ನೀವೂ ಒಂದು ಸಲ ಇಲ್ಲ ಅಂದು ನೋಡಿ.

ಬಾಕಿ ವಸೂಲಿಯ ಬಗ್ಗೆ ನನಗೇ ಏಟು ಬಿದ್ದಿದೆ. ನೌಕರಿ ಬಿಟ್ಟ ಮೇಲೆ ಒಂದು ಕಂಪನಿಗೆ ಆರು ತಿಂಗಳು ಇನ್‌ಸ್ಪೆಕ್ಷನ್ ಸೇವೆ ಕೊಟ್ಟೆ. ಬಿಲ್‌ನ ದುಡ್ಡು ಬಂದಿದ್ದು ಹನ್ನೊಂದು ತಿಂಗಳಿಗೆ. ಅವರೇನು ಕೆಟ್ಟವರಲ್ಲ. ಅವರ ಉಡಾವಣೆ ಮುಂದಕ್ಕೆ ಹೋಯಿತು, ಹೂಡಿಕೆದಾರರ ಮುಂದಿನ ದುಡ್ಡು ಅದಕ್ಕೇ ತಳುಕು ಹಾಕಿಕೊಂಡಿತ್ತು, ಅದೂ ನಿಂತಿತು. ಸ್ಟಾರ್ಟಪ್ ಗಿರಾಕಿ ಅಂದರೆ ಹೀಗೆ. ಅವರ ಆದಾಯ ಇನ್ನೂ ಬಂದಿರುವುದಿಲ್ಲ, ಬೇರೆಯವರ ದುಡ್ಡಿನಲ್ಲಿ ಬದುಕುತ್ತಿರುತ್ತಾರೆ. ಹಾಗಾಗಿ ಮೆಟೀರಿಯಲ್ ಅವರೇ ಕೊಡಲಿ, ಇಲ್ಲವೇ ಅದರ ಪೂರ್ತಿ ದುಡ್ಡು ಮುಂಗಡ ಕೊಡಲಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದ್ದರೆ ಸಣ್ಣ ಘಟಕಕ್ಕೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಈಗ ಆದಾಯ ತೆರಿಗೆಯಲ್ಲೂ ಒಂದು ಕಟ್ಟು ಹಾಕಿದ್ದಾರೆ: ಸಮಯಕ್ಕೆ ಕೊಡದಿದ್ದರೆ ಆ ಖರ್ಚನ್ನು ಗಿರಾಕಿ ದುಡ್ಡು ಕೊಟ್ಟ ವರ್ಷದ ಲೆಕ್ಕದಲ್ಲಿ ಮಾತ್ರ ಕಳೆಯಬಹುದು. ಕಾನೂನು ನಿಮ್ಮ ಕಡೆ ಇದೆ. ಆದರೆ ಗಿರಾಕಿಯ ಮೇಲೆ ದೂರು ಕೊಟ್ಟು ಅದೇ ಗಿರಾಕಿಯ ಹತ್ತಿರ ಮುಂದಿನ ಆರ್ಡರ್ ಕೇಳುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು. ನನ್ನ ಸಲಹೆ, ಮೊದಲ ಮೂರು ವರ್ಷ ನಿಮ್ಮ ಒಟ್ಟು ವಹಿವಾಟಿನಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಇದಕ್ಕೆ ಕೊಡಬೇಡಿ. 38 ರೂಪಾಯಿಯ ಪೀಸ್ ಬೇಸರ ತರಿಸಿದರೂ ಸಂಬಳ ಕೊಡುತ್ತಿರುವುದು ಅದೇ.

ಸರ್ಕಾರದ ಕಡೆಯ ಮಾತು ಚುಟುಕಾಗಿ. ಬ್ರಾಕೆಟ್, ಫಿಕ್ಸ್‌ಚರ್ ಮಾಡಿಕೊಡಲು ಇನ್‌ಸ್ಪೇಸ್ ಅನುಮತಿ ಬೇಕಿಲ್ಲ. ಇಸ್ರೋ ಕೇಂದ್ರಗಳ ಟೆಂಡರ್ ಆನ್‌ಲೈನ್‌ನಲ್ಲೇ ಬರುತ್ತದೆ, ವೆಂಡರ್ ನೋಂದಣಿ ಮಾಡಿಕೊಳ್ಳಿ. ಸಣ್ಣ ಘಟಕಗಳಿಗೆ ಟೆಂಡರ್ ಠೇವಣಿಯಲ್ಲಿ ವಿನಾಯಿತಿ ಇದೆ. ಗಿರಾಕಿಯ ಡ್ರಾಯಿಂಗ್ ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ ಕಳಿಸಬೇಡಿ. ಹೊರದೇಶಕ್ಕೆ ಮಾಲು ಕಳಿಸುವ ಆಸೆ ಇದ್ದರೆ ರಫ್ತಿಗೆ ನಿಯಂತ್ರಣ ಇರುವ ವಸ್ತುಗಳ ಸ್ಕೋಮೆಟ್ ಪಟ್ಟಿ ನೋಡಿ, ಅದರಲ್ಲಿ ಇದ್ದದ್ದಕ್ಕೆ ಲೈಸೆನ್ಸ್ ಬೇಕು.

ಈಗ ತಮ್ಮ. ಅವನ ಆಸೆಗೆ ತಣ್ಣೀರು ಎರಚುವುದು ನನಗಿಷ್ಟವಿಲ್ಲ. ಹತ್ತು ಸೆಂಟಿಮೀಟರ್ ಚೌಕದ ಕ್ಯೂಬ್‌ಸ್ಯಾಟ್ ಅನ್ನು ಕಾಲೇಜು ಹುಡುಗರೂ ಮಾಡುತ್ತಾರೆ. ಮಾಡುವುದು ಒಂದು, ಅದರಿಂದ ವರ್ಷ ವರ್ಷ ದುಡ್ಡು ಬರುವ ಹಾಗೆ ಮಾಡುವುದು ಇನ್ನೊಂದು. ಎರಡನೆಯದಕ್ಕೆ ಕೋಟಿಗಟ್ಟಲೆ ಬೇರೆಯವರ ಬಂಡವಾಳ ಬೇಕು, ತೆಂಗಿನ ತೋಟ ಅದರ ಮೂಲೆಗೂ ಸಾಲದು. ಇಸ್ರೋ ಈಗ ಪಿಎಸ್‌ಎಲ್‌ವಿಯ ಕೊನೆಯ ಹಂತವನ್ನೇ ಪೋಯಮ್ ಅನ್ನುವ ಹೆಸರಲ್ಲಿ ಪ್ರಯೋಗದ ಜಗಲಿಯ ಹಾಗೆ ಬಳಸುತ್ತದೆ. ಹೊಸಬರು ತಮ್ಮ ಉಪಕರಣವನ್ನು ಪೂರ್ತಿ ಉಪಗ್ರಹ ಕಟ್ಟದೆಯೇ ಅದರ ಮೇಲೆ ಕೂರಿಸಿ ಪರೀಕ್ಷಿಸಬಹುದು. 2024ರ ಡಿಸೆಂಬರ್‌ನಲ್ಲಿ ಹಾಗೆ 24 ಉಪಕರಣ ಹೋದವು. ಬೆಲಾಟ್ರಿಕ್ಸ್‌ನ ಹಸಿರು ಇಂಧನದ ಎಂಜಿನ್ ಕೂಡ ಪೋಯಮ್ ಮೇಲೆಯೇ ಪರೀಕ್ಷೆಯಾಯಿತು. ಅವನ ಹತ್ತಿರ ಒಂದು ನಿರ್ದಿಷ್ಟ ಉಪಕರಣದ ಯೋಚನೆ ಇದ್ದರೆ ದಾರಿ ಅದು. ಸುಮ್ನೆ 'ಉಪಗ್ರಹ' ಅಂದರೆ ಏನೂ ಹೇಳಿದಂತಾಗಲಿಲ್ಲ.

ಅವನಿಗೆ ಸಾಫ್ಟ್‌ವೇರ್ ಕಡೆ ಒಲವಿದ್ದರೆ ಇನ್ನೊಂದು ದಾರಿ, ಮೇಲಿಂದ ಬರುವ ಚಿತ್ರಗಳು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಉಚಿತ. ಐದು ದಿನಕ್ಕೊಮ್ಮೆ ಬರುತ್ತದೆ, ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್ ಚೌಕ. ಇದರ ಅರ್ಥ ನಿಮ್ಮ ತೋಟದಲ್ಲೇ ನೋಡಬಹುದು. ತೆಂಗಿನ ಮರಗಳ ಅಂತರ 25, 30 ಅಡಿ. ಒಂದು ಚುಕ್ಕಿಯಲ್ಲಿ ಒಂದು ಮರ, ಅದರ ಕೆಳಗಿನ ಬಾಳೆ, ಪಕ್ಕದ ಅಡಿಕೆ ಎಲ್ಲ ಕಲಸಿಹೋಗುತ್ತದೆ. ಕೋಲಾರದ ಅರ್ಧ ಎಕರೆ ಟೊಮೆಟೊ ಅಂದರೆ ಇಪ್ಪತ್ತು ಚುಕ್ಕಿ, ಅಂಚಿನವು ಬದುವಿನ ಜೊತೆ ಬೆರೆತಿರುತ್ತವೆ. ಮಳೆಗಾಲದಲ್ಲಿ ಮೋಡ ಅಡ್ಡ. ಮೋಡದ ಮೂಲಕ ನೋಡಲು ರೇಡಾರ್ ಉಪಗ್ರಹ ಬೇಕು. 2025ರ ಜುಲೈನಲ್ಲಿ ಹಾರಿದ ನಿಸಾರ್ ಅಂಥದ್ದು.

ಕಷ್ಟ ಅಲ್ಲಿಲ್ಲ. ಚಿತ್ರಕ್ಕೆ ದುಡ್ಡು ಕೊಡುವವರು ಯಾರು? ರೈತರು ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಅವರ ಹೊಲ ಹೇಗಿದೆ ಅಂತ ಅವರಿಗೆ ಮೇಲಿಂದ ನೋಡಿ ಹೇಳಬೇಕಾ? ಹೊಲ ನೋಡಲು ಹೋಗಲಾಗದವರು ಕೊಡುತ್ತಾರೆ: ಬ್ಯಾಂಕು, ಬೆಳೆ ವಿಮೆಯವರು, ಬೀಜದ ಕಂಪನಿ, ಮುಂದಿನ ತಿಂಗಳು ಎಷ್ಟು ಮಾಲು ಬರುತ್ತದೆ ಅಂತ ಮೊದಲೇ ತಿಳಿಯಬೇಕಾದ ಸಂಸ್ಕರಣಾ ಘಟಕ. ಅಂಥ ಒಬ್ಬರೇ ಒಬ್ಬರನ್ನು ಹುಡುಕಿ, ಅವರ ಒಂದೇ ಒಂದು ಪ್ರಶ್ನೆಗೆ ಸರಿ ಉತ್ತರ ಕೊಟ್ಟರೆ ಬಿಸಿನೆಸ್ ಶುರುವಾಗಬಹುದು. ಅದಕ್ಕೂ ಲ್ಯಾಪ್‌ಟಾಪ್ ಒಂದೇ ಸಾಲದು. ಚಿತ್ರದಲ್ಲಿ ಟೊಮೆಟೊ ಅಂತ ಕಂಡಿದ್ದು ನಿಜಕ್ಕೂ ಟೊಮೆಟೊವೇ, ಅಲ್ಲ ದಪ್ಪ ಮೆಣಸಿನಕಾಯಿಯೇ ಅಂತ ಬೈಕ್ ಹತ್ತಿ ಬದುಗಳ ಮೇಲೆ ಓಡಾಡಿ ನೋಡಬೇಕು. ಒಂದು ಬೆಳೆ ಪೂರ್ತಿ.

ಅಲ್ಲಿಯವರೆಗೆ ಅವನನ್ನು ಸುಮ್ಮನೆ ಕೂರಿಸಬೇಡಿ. ನಿಮ್ಮ ಅಪ್ಪನ ಮೇಜಿನ ಪಕ್ಕ ಇನ್ನೊಂದು ಕುರ್ಚಿ ಹಾಕಿ. ಡ್ರಾಯಿಂಗ್ ಓದುವುದು, ಅಳತೆ ಪಟ್ಟಿ ಬರೆಯುವುದು, ಗಿರಾಕಿಯ ಇಂಜಿನಿಯರ್ ಜೊತೆ ಫೋನಿನಲ್ಲಿ ಮಾತಾಡುವುದು ಅವನ ಕೆಲಸ ಆಗಲಿ. ಉಪಗ್ರಹ ಕಟ್ಟುವವರ ಕಷ್ಟ ಏನು ಅಂತ ಅವರ ಬಾಯಿಂದಲೇ ಕೇಳುತ್ತಾನೆ. ಮೊದಲ ಫಿಕ್ಸ್‌ಚರ್‌ನ ಡ್ರಾಯಿಂಗ್ ಬಂದಾಗ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನೋಟ್ಸ್ ಇರುತ್ತವೆ. ಅದರಲ್ಲಿ ಅವನಿಗೆ ಅರ್ಥವಾಗದ ಸಾಲುಗಳನ್ನೆಲ್ಲ ಪಟ್ಟಿ ಮಾಡಿ ನನಗೆ ಕಳಿಸಲಿ. ಡ್ರಾಯಿಂಗ್ ಮಾತ್ರ ಕಳಿಸಬೇಡಿ.